ಯಂತ್ರದ ದನಿ, ಮಗನ ಶೋಕ



ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಯಾರೋ ಒಬ್ಬ ಹುಡುಗ ಮೊಬೈಲಿನಿಂದ ಗಟ್ಟಿಯಾಗಿ ರ್‍ಯಾಪ್ ಹಾಡು ಹಾಕಿದ್ದಾನೆ ಎಂದಿಟ್ಟುಕೊಳ್ಳಿ. ಎದುರು ಸೀಟಿನ ಹಿರಿಯರೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿಯೇ ಕೇಳುತ್ತಾರೆ: “ಹಾಡ್ತಾ ಇರೋದು ಮನುಷ್ಯನೇನಪ್ಪಾ, ಮೆಷಿನ್ನೇ?” ಹುಡುಗ ನಗುತ್ತಾನೆ. ಆದರೆ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಯಂತ್ರ ತಿದ್ದಿದ ದನಿಯಲ್ಲಿ ನಿಜವಾದ ದುಃಖ ಇರಲು ಸಾಧ್ಯವೇ? ಇದ್ದರೆ ಅದು ನಮಗೆ ಕೇಳಿಸುವುದು ಹೇಗೆ? ಇಂದು ನಾವು ಯೋಚಿಸಬೇಕಾದದ್ದು ಇದನ್ನೇ.

ಇದಕ್ಕೆ ನಾನು ಆರಿಸಿಕೊಂಡಿರುವುದು 2008ರ ನವೆಂಬರ್ 24ರಂದು ಅಮೆರಿಕದಲ್ಲಿ ಬಿಡುಗಡೆಯಾದ ಒಂದು ಆಲ್ಬಮ್. ಹೆಸರು ‘808ಸ್ ಅಂಡ್ ಹಾರ್ಟ್‌ಬ್ರೇಕ್’. ಕಲಾವಿದ ಕಾನ್ಯೆ ವೆಸ್ಟ್. ಹೆಸರಿನಲ್ಲಿ ಎರಡು ಪದಗಳಿವೆ. ಎರಡನೆಯದರ ಅರ್ಥ ಎಲ್ಲರಿಗೂ ಗೊತ್ತು, ಮುರಿದ ಮನಸ್ಸು. ಮೊದಲನೆಯದು ಒಂದು ಯಂತ್ರದ ಮಾದರಿ ಸಂಖ್ಯೆ. ತನ್ನ ಎದೆಯ ನೋವಿನ ಪಕ್ಕದಲ್ಲಿ ಒಂದು ಯಂತ್ರದ ನಂಬರನ್ನು ಬರೆದಿಟ್ಟವನು ಏನನ್ನೋ ಹೇಳುತ್ತಿದ್ದಾನೆ ಎಂದೇ ನಾನು ತಿಳಿಯುತ್ತೇನೆ.

ಮೊದಲು ಆತನ ತಾಯಿಯ ವಿಷಯ. ಡೊಂಡಾ ವೆಸ್ಟ್ ಇಂಗ್ಲಿಷ್ ಪ್ರಾಧ್ಯಾಪಕಿ. ಷಿಕಾಗೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥೆಯಾಗಿದ್ದವರು. 1977ರಲ್ಲಿ ಹುಟ್ಟಿದ ಮಗನನ್ನು ಗಂಡನಿಂದ ಬೇರೆಯಾದ ಮೇಲೆ ಒಬ್ಬರೇ ಬೆಳೆಸಿದರು. ಹುಡುಗನಿಗೆ ಹತ್ತು ವರ್ಷವಾಗಿದ್ದಾಗ ಪಾಠ ಹೇಳಲು ಚೀನಾದ ನಾನ್‌ಜಿಂಗ್‌ಗೆ ಹೋದರು. ಅವನನ್ನೂ ಕರೆದುಕೊಂಡು ಹೋಗಿ ಒಂದು ವರ್ಷ ಅಲ್ಲಿದ್ದರು. ಮುಂದೆ ಮಗ ಕಾಲೇಜು ಬಿಟ್ಟು ಸಂಗೀತ ಹಿಡಿದ. ಪ್ರಾಧ್ಯಾಪಕಿಯ ಮಗ ಕಾಲೇಜು ಬಿಡುವುದೆಂದರೇನು ಎಂಬುದನ್ನು ನಿಮ್ಮ ಮನೆಯಲ್ಲಿ ಊಹಿಸಿ ನೋಡಿ! ಆತನ ಮೊದಲ ಆಲ್ಬಮ್‌ನ ಹೆಸರೇ ‘ದ ಕಾಲೇಜ್ ಡ್ರಾಪ್‌ಔಟ್’, 2004ರದು. ಅದೇ ವರ್ಷ ತಾಯಿ ಕೆಲಸದಿಂದ ನಿವೃತ್ತರಾಗಿ ಮಗನ ವ್ಯವಹಾರ ನೋಡಿಕೊಳ್ಳಲು ಬಂದರು. 2005ರಲ್ಲಿ ಮಗ ತಾಯಿಗಾಗಿ ‘ಹೇ ಮಾಮಾ’ ಎಂಬ ಹಾಡನ್ನು ಹೊರತಂದ. ಅದು ಉಲ್ಲಾಸದ ಹಾಡು.

2007ರ ನವೆಂಬರ್ 10ರಂದು, ಸೌಂದರ್ಯವರ್ಧನೆಯ ಶಸ್ತ್ರಚಿಕಿತ್ಸೆಯಾದ ಮರುದಿನ ಆಕೆ ತೀರಿಕೊಂಡರು. ಆಗ ಅವರ ವಯಸ್ಸು 58. ಹೃದಯದ ರಕ್ತನಾಳದ ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆಯ ನಂತರ ಒಟ್ಟುಗೂಡಿದ ಹಲವು ಅಂಶಗಳು ಕಾರಣವೆಂದು ತನಿಖಾಧಿಕಾರಿಗಳು ವರದಿ ಕೊಟ್ಟರು. ಇಂಥ ಶಸ್ತ್ರಚಿಕಿತ್ಸೆಗೆ ಮೊದಲು ದೇಹ ತಪಾಸಣೆ ಕಡ್ಡಾಯವೆಂದು ಕ್ಯಾಲಿಫೋರ್ನಿಯಾ ರಾಜ್ಯ 2009ರಲ್ಲಿ ಕಾನೂನು ಮಾಡಿತು. ಆ ಕಾನೂನಿಗೆ ಆಕೆಯ ಹೆಸರೇ ಇದೆ. ಮಗನ ಮನಸ್ಸಿಗೆ ಮಾತ್ರ ವೈದ್ಯರ ವರದಿ ಸಾಕಾಗಲಿಲ್ಲ. ತಾನು ಲಾಸ್ ಏಂಜಲೀಸ್‌ಗೆ ಹೋಗಿ ನೆಲೆಸದಿದ್ದರೆ ತಾಯಿ ಬದುಕಿರುತ್ತಿದ್ದರು ಎಂದು ಎಂಟು ವರ್ಷಗಳ ನಂತರವೂ, 2015ರ ಸಂದರ್ಶನವೊಂದರಲ್ಲಿ, ಆತ ಹೇಳಿಕೊಂಡ. ಮನೆಯವರನ್ನು ಕಳೆದುಕೊಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

2008ರ ಫೆಬ್ರವರಿಯ ಗ್ರಾಮಿ ಪ್ರಶಸ್ತಿ ಸಮಾರಂಭದಲ್ಲಿ, ತಲೆಗೂದಲಿನಲ್ಲಿ ‘ಮಾಮಾ’ ಎಂಬ ಅಕ್ಷರಗಳನ್ನು ಕತ್ತರಿಸಿಕೊಂಡು ಬಂದು ಆತ ಆ ಹಳೆಯ ಹಾಡನ್ನು ಹಾಡಿದ. ಅದೇ ವರ್ಷ ನಿಶ್ಚಿತಾರ್ಥವಾಗಿದ್ದ ಸಂಬಂಧವೂ ಮುರಿದುಬಿತ್ತು. ಹೊರಗೆ ನೋಡಿದರೆ ಕೀರ್ತಿ ತುತ್ತತುದಿಯಲ್ಲಿ: 2007ರ ಸೆಪ್ಟೆಂಬರ್‌ನಲ್ಲಿ ಬಂದ ‘ಗ್ರಾಜುಯೇಷನ್’ ಆಲ್ಬಮ್ ಭರ್ಜರಿಯಾಗಿ ಮಾರಾಟವಾಗಿತ್ತು. ಒಳಗೆ ನೋಡಿದರೆ ಮನೆ ಖಾಲಿ.

ಇಲ್ಲಿಗೆ ರ್‍ಯಾಪ್ ಬಗ್ಗೆ ಒಂದೆರಡು ಮಾತು ಸಾಕು. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಕಪ್ಪು ಜನರ, ವಲಸೆಗಾರರ ಮಕ್ಕಳ ನಡುವೆ ಹಿಪ್ ಹಾಪ್ ಹುಟ್ಟಿತು. ತಾಳದ ಮೇಲೆ ಪ್ರಾಸಬದ್ಧವಾಗಿ ಮಾತನ್ನು ಓಡಿಸುವುದೇ ರ್‍ಯಾಪ್. ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರಿಂದ ಕನ್ನಡದಲ್ಲೂ ನಿಮಗೆ ಅದು ಪರಿಚಿತ. ಅದರ ಸಹಜ ಧಾಟಿ ಎದೆಯುಬ್ಬಿಸುವುದು, ಸವಾಲು ಹಾಕುವುದು. “ನನಗೆ ತಡೆಯಲಾಗುತ್ತಿಲ್ಲ” ಎನ್ನುವುದಕ್ಕೆ ಆ ಧಾಟಿಯಲ್ಲಿ ಹೆಚ್ಚು ಜಾಗವಿರಲಿಲ್ಲ. ಹಾಗಾಗಿ ವೆಸ್ಟ್ ಒಂದು ವಿಚಿತ್ರ ನಿರ್ಧಾರ ಮಾಡಿದ. ಈ ಬಾರಿ ರ್‍ಯಾಪ್ ಬೇಡ, ಹಾಡುತ್ತೇನೆ ಎಂದ. ತೊಂದರೆಯೆಂದರೆ, ಆತನಿಗೆ ಹಾಡಲು ಬರುತ್ತಿರಲಿಲ್ಲ. ಶ್ರುತಿ ನಿಲ್ಲುತ್ತಿರಲಿಲ್ಲ. ಹವಾಯಿ ದ್ವೀಪದ ಹೊನೊಲುಲುವಿನಲ್ಲೂ ಕ್ಯಾಲಿಫೋರ್ನಿಯಾದ ಬರ್‌ಬ್ಯಾಂಕ್‌ನಲ್ಲೂ ಸ್ಟುಡಿಯೋ ಹಿಡಿದು, ಸುಮಾರು ಮೂರು ವಾರಗಳಲ್ಲಿ, ಎರಡು ಯಂತ್ರೋಪಾಯಗಳನ್ನು ನೆಚ್ಚಿ ಆಲ್ಬಮ್ ಮುಗಿಸಿದ.

ಅವುಗಳಲ್ಲಿ ಮೊದಲನೆಯದು ಆ 808. ಪೂರ್ಣ ಹೆಸರು ರೋಲಾಂಡ್ ಟಿ.ಆರ್.-808, ಜಪಾನಿನಲ್ಲಿ ತಯಾರಾದ ತಾಳದ ಯಂತ್ರ. ರೋಲಾಂಡ್ ಕಂಪನಿಯ ಸ್ಥಾಪಕ ಇಕುತಾರೊ ಕಾಕೆಹಾಶಿ ಎಳೆಯ ವಯಸ್ಸಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕ್ಷಯರೋಗದಿಂದ ಕಳೆದುಕೊಂಡವರು, ಹದಿಹರೆಯದಲ್ಲಿ ಗಡಿಯಾರ ರಿಪೇರಿ ಮಾಡಿ ಬದುಕಿದವರು. ಕೊನೆಗೆ ತಾವೂ ಕ್ಷಯ ತಗುಲಿ ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದು ಸ್ಟ್ರೆಪ್ಟೊಮೈಸಿನ್ ಔಷಧಿಯಿಂದ ಬದುಕಿ ಬಂದರು. (ಅವರದೇ ಒಂದು ಪ್ರತ್ಯೇಕ ಕಾರ್ಯಕ್ರಮವಾಗಬಹುದು.) 1980ರಿಂದ 1983ರವರೆಗೆ ಈ ಯಂತ್ರಗಳು ಸುಮಾರು 12,000 ತಯಾರಾದವು. ಆಗ ಜನ ಮೆಚ್ಚಲಿಲ್ಲ. ನಿಜವಾದ ಡ್ರಮ್ಮಿನ ಹಾಗೆ ಕೇಳುವುದಿಲ್ಲ ಎಂದರು. ಸರಿಯೇ, ಅದರಲ್ಲಿ ಯಾವ ಡ್ರಮ್ಮಿನ ಧ್ವನಿಮುದ್ರಣವೂ ಇಲ್ಲ. ಇರುವುದು ವಿದ್ಯುನ್ಮಂಡಲ ಮಾತ್ರ. ಮಂಡಲಕ್ಕೆ ಒಂದು ಪೆಟ್ಟು ಕೊಟ್ಟಂತೆ ವಿದ್ಯುತ್ ಸ್ಪಂದನ ಕೊಟ್ಟರೆ ಅದು ಸೆಕೆಂಡಿಗೆ ಸುಮಾರು ಐವತ್ತು ಬಾರಿ ಕಂಪಿಸಿ, ದೇವಸ್ಥಾನದ ಗಂಟೆಯ ನಾದದಂತೆ ನಿಧಾನವಾಗಿ ಕ್ಷೀಣಿಸುತ್ತದೆ. ನಿಮ್ಮ ಪಿಯುಸಿ ಭೌತಶಾಸ್ತ್ರದ ಅವಮಂದಿತ ಆಂದೋಲನ ಇದೇ. ಎಷ್ಟು ಹೊತ್ತಿನಲ್ಲಿ ಕ್ಷೀಣಿಸಬೇಕೆಂಬುದನ್ನು ನಿರ್ಧರಿಸಲು ಒಂದು ಗುಂಡಿಯಿದೆ. ಅದನ್ನು ತಿರುಗಿಸಿದರೆ ‘ಧಂ’ ಎಂಬುದು ‘ಧಂ... ಮ್... ಮ್’ ಆಗುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ಆ ಯಂತ್ರದ ಚರ್‍ರೆನ್ನುವ ಸದ್ದಿಗೆ ಕಾಕೆಹಾಶಿ ಬೇಕೆಂದೇ ದೋಷವಿರುವ ಟ್ರಾನ್ಸಿಸ್ಟರ್‌ಗಳನ್ನು ಕೊಂಡು ತರುತ್ತಿದ್ದರು. ಟ್ರಾನ್ಸಿಸ್ಟರ್ ತಯಾರಿಕೆ ಸುಧಾರಿಸಿ ದೋಷದ ಮಾಲು ಸಿಗದಂತಾದಾಗ 808ರ ಉತ್ಪಾದನೆಯೂ ನಿಂತಿತು. ಅಗ್ಗಕ್ಕೆ ಸಿಕ್ಕ ಹಳೆಯ ಯಂತ್ರಗಳು ಬಡ ಬಡಾವಣೆಗಳ ಹುಡುಗರ ಕೈಸೇರಿ, ಹಿಪ್ ಹಾಪ್‌ನ ನಾಡಿಯಾದವು.

ಕೋಲಾರ ಸೀಮೆಯವರಿಗೆ ಚರ್ಮವಾದ್ಯದ ಈ ಗುಟ್ಟು ಹೊಸದಲ್ಲ. ತಮಟೆಯನ್ನು ಬಾರಿಸುವ ಮೊದಲು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುವುದನ್ನು ನೋಡಿದ್ದೀರಲ್ಲ? ಚರ್ಮ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಈ ಭಾಗದ ತಮಟೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಅದೇ ತಮಟೆ ಊರ ಜಾತ್ರೆಗೂ ಉಂಟು, ಸಾವಿನ ಮನೆಗೂ ಉಂಟು. ಸಾವಿನ ಮನೆಯಲ್ಲಿ ಅದು ಮಾಡುವ ಕೆಲಸವೇನು ಎಂದು ಎಂದಾದರೂ ಯೋಚಿಸಿದ್ದೀರಾ? ಮನೆಯವರ ಅಳು ಏರುತ್ತದೆ, ಒಡೆಯುತ್ತದೆ, ನಿಲ್ಲುತ್ತದೆ. ತಮಟೆ ಮಾತ್ರ ಒಂದೇ ನಡೆಯಲ್ಲಿ ಸಾಗುತ್ತದೆ. ಆ ನಡೆಯನ್ನು ಹಿಡಿದುಕೊಂಡೇ ಜನ ಸ್ಮಶಾನದವರೆಗೆ ಹೆಜ್ಜೆ ಹಾಕುತ್ತಾರೆ. ವೆಸ್ಟ್‌ಗೆ 808 ಮಾಡಿಕೊಟ್ಟ ಕೆಲಸ ಇದಕ್ಕೆ ದೂರವಲ್ಲ. ಆತ ಅದರ ಪೆಟ್ಟುಗಳನ್ನು ಹಾಡಿನ ಸ್ವರಕ್ಕೆ ಹೊಂದಿಸಿ, ಬೇರೆ ವಾದ್ಯಗಳನ್ನು ಸಾಧ್ಯವಾದಷ್ಟು ತೆಗೆದುಹಾಕಿದ. ಹಿಂದಿನ ಆಲ್ಬಮ್‌ಗಳಲ್ಲಿ ಕಿಕ್ಕಿರಿದಿದ್ದ ಮೇಳಗಳು ಇದರಲ್ಲಿ ವಿರಳ.

ಎರಡನೆಯದು ಆಟೋ-ಟ್ಯೂನ್ ಎಂಬ ತಂತ್ರಾಂಶ. ಇದರ ಕಥೆಯಂತೂ ನಿಮ್ಮ ಕಾಲಡಿಯ ನೆಲಕ್ಕೆ ಸಂಬಂಧಿಸಿದ್ದು. ಮಾಡಿದವರು ಆ್ಯಂಡಿ ಹಿಲ್ಡೆಬ್ರಾಂಡ್ ಎಂಬ ಎಂಜಿನಿಯರ್. ಕೊಳಲು ನುಡಿಸುವವರು; ಆದರೆ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ತೈಲ ಶೋಧನೆ. ನೆಲದಲ್ಲಿ ಸಣ್ಣ ಸ್ಫೋಟ ಮಾಡಿ, ಒಳಗಿನ ಬಂಡೆಯ ಪದರಗಳಿಂದ ಮರಳಿ ಬರುವ ಅಲೆಗಳನ್ನು ದಾಖಲಿಸಿ, ಎಣ್ಣೆ ಎಲ್ಲಿರಬಹುದೆಂದು ಗಣಿತದಿಂದ ಹುಡುಕುವ ವಿದ್ಯೆ. ಅದರಲ್ಲಿ ಬಳಸುವ ಒಂದು ಉಪಾಯವೆಂದರೆ, ಒಂದು ಅಲೆಯನ್ನು ಅದರದೇ ಪ್ರತಿಯೊಂದಿಗೆ, ಪ್ರತಿಯನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸುತ್ತಾ, ಹೋಲಿಸಿ ನೋಡುವುದು. ಎಷ್ಟು ಸರಿಸಿದಾಗ ಎರಡೂ ತಾಳೆಯಾಗುತ್ತವೆ ಎಂಬುದರಲ್ಲಿ ಗುಟ್ಟಿದೆ. ಹಾಡುವ ದನಿಗೂ ಇದನ್ನೇ ಮಾಡಬಹುದು. ಸೆಕೆಂಡಿನ 220ನೇ ಒಂದು ಭಾಗದಷ್ಟು ಸರಿಸಿದಾಗ ದನಿಯ ಅಲೆ ತನಗೆ ತಾನೇ ತಾಳೆಯಾದರೆ, ಆ ದನಿಯ ಆವೃತ್ತಿ 220 ಎಂದಾಯಿತು. ಇರಬೇಕಾದದ್ದು 220, ಗಾಯಕ ಹಾಡಿದ್ದು 214 ಎಂದಾದರೆ, ಕಂಪ್ಯೂಟರ್ ಅದನ್ನು ಎತ್ತಿ ಸರಿಯಾದ ಜಾಗದಲ್ಲಿ ಕೂರಿಸುತ್ತದೆ. ತಾನು ಶ್ರುತಿಯಲ್ಲಿ ಹಾಡುವಂತೆ ಮಾಡುವ ಒಂದು ಪೆಟ್ಟಿಗೆ ಮಾಡಿಕೊಡಿ ಎಂದು ಊಟದ ಹೊತ್ತಿನಲ್ಲಿ ಒಬ್ಬಾಕೆ ತಮಾಷೆ ಮಾಡಿದ್ದೇ ಇದಕ್ಕೆ ಬೀಜವಾಯಿತಂತೆ. 1997ರಲ್ಲಿ ಅದು ಮಾರುಕಟ್ಟೆಗೆ ಬಂತು.

ಮೈಸೂರು ಮೈನ್ಸ್, ಚಾಂಪಿಯನ್ ರೀಫ್ ಕಡೆಯ ಮನೆಗಳಲ್ಲಿ ಬೆಳೆದವರಿಗೆ ನೆಲದ ಕಂಪನವೆಂದರೆ ಪುಸ್ತಕದ ಮಾತಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋದ ಗಣಿಯಲ್ಲಿ ಒತ್ತಡ ತಡೆಯಲಾರದೆ ಬಂಡೆ ಸಿಡಿಯುವುದನ್ನು ರಾಕ್ ಬರ್ಸ್ಟ್ ಎನ್ನುತ್ತಿದ್ದರು. ಮೇಲೆ ಲೈನ್ ಮನೆಗಳಲ್ಲಿ ಪಾತ್ರೆಗಳು ಅಲುಗಿದರೆ, ನಮ್ಮವರು ಯಾವ ಶಿಫ್ಟಿನಲ್ಲಿದ್ದಾರೆ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತೆಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಬಂಡೆ ಸಿಡಿದದ್ದು ಎಲ್ಲೆಂದು ಕಂಡುಹಿಡಿಯಲು ಗಣಿಯ ಸುತ್ತ ಜಿಯೋಫೋನ್‌ಗಳನ್ನು ಇಟ್ಟಿದ್ದರು. ಜಿಯೋಫೋನ್ ಎಂದರೆ ನೆಲಕ್ಕೆ ಕಿವಿಗೊಟ್ಟ ಮೈಕು. ಒಂದೊಂದಕ್ಕೆ ಅಲೆ ತಲುಪಿದ ಹೊತ್ತಿನ ವ್ಯತ್ಯಾಸದಿಂದ ಜಾಗ ಗೊತ್ತಾಗುತ್ತಿತ್ತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಕೆ.ಜಿ.ಎಫ್.ನಲ್ಲಿ ಸ್ಥಾಪನೆಯಾಗಲು ಇದೇ ಹಿನ್ನೆಲೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಗ ನಾನು ಬಿ.ಎಸ್‌ಸಿ. ವಿದ್ಯಾರ್ಥಿ. ಸುರಂಗಗಳಲ್ಲಿ ನೀರು ತುಂಬಿದ ಮೇಲೂ ಕಂಪನಗಳು ದಾಖಲಾಗಿವೆ. ತೈಲ ಹುಡುಕುವ ವಿಧಾನ ಬೇರೆ, ರಾಕ್ ಬರ್ಸ್ಟ್ ಹುಡುಕುವ ವಿಧಾನ ಬೇರೆ. ಆದರೆ ನಡುಕವನ್ನು ಅಲೆಯಾಗಿ ಬರೆದುಕೊಂಡು ಓದುವ ವಿದ್ಯೆ ಒಂದೇ ಮನೆತನದ್ದು. ಆ ಮನೆತನದ ಒಂದು ಕವಲು ಮನುಷ್ಯನ ಗಂಟಲಿನ ನಡುಕವನ್ನು ತಿದ್ದಲು ಹೋಯಿತು ಎಂಬುದು ನನಗೆ ಇಂದಿಗೂ ಸೋಜಿಗ.

ಈಗ ಮುಖ್ಯ ಸಂಗತಿ. ಆಟೋ-ಟ್ಯೂನಿನಲ್ಲಿ ತಿದ್ದುಪಡಿಯ ವೇಗವನ್ನು ನಾವೇ ಗೊತ್ತುಮಾಡಬಹುದು. ನಿಧಾನವಾಗಿ ತಿದ್ದಿದರೆ ಕೇಳುಗನಿಗೆ ಗೊತ್ತೇ ಆಗುವುದಿಲ್ಲ. ತಕ್ಷಣ ತಿದ್ದುವಂತೆ ಇಟ್ಟರೆ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದಿಲ್ಲ, ಏಣಿಯ ಮೆಟ್ಟಿಲಿನಂತೆ ಹಾರುತ್ತದೆ. ನಮ್ಮ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಗಮಕವೆಲ್ಲ ಮಾಯವಾಗಿ ಬರಿಯ ಸ್ವರಸ್ಥಾನಗಳು ಉಳಿಯುತ್ತವೆ. 1998ರಲ್ಲಿ ಷೆರ್ ಎಂಬ ಗಾಯಕಿಯ ‘ಬಿಲೀವ್’ ಹಾಡಿನಿಂದ ಈ ಸದ್ದು ಪ್ರಸಿದ್ಧವಾಯಿತು. ಟಿ-ಪೇನ್ ಎಂಬ ಗಾಯಕ ಅದನ್ನು ತನ್ನ ಗುರುತಾಗಿಸಿಕೊಂಡಿದ್ದ. ವೆಸ್ಟ್ ಅವನಿಂದಲೇ ಸಲಹೆ ಪಡೆದ. ಆದರೆ ಇಬ್ಬರ ಬಳಕೆ ಒಂದೇ ಅಲ್ಲ. ಟಿ-ಪೇನ್‌ಗೆ ಅದು ಹಬ್ಬದ ದೀಪಾಲಂಕಾರ. ವೆಸ್ಟ್‌ಗೆ ಅದು ಮುರಿದ ಕೈಗೆ ಕಟ್ಟಿದ ದಬ್ಬೆ.

ದುಃಖವಾದಾಗ ನಮ್ಮ ಗಂಟಲು ಮಾಡುವುದೇನು? ಸ್ವರ ನಡುಗುತ್ತದೆ, ಜಾರುತ್ತದೆ, ಒಡೆಯುತ್ತದೆ. ಯಂತ್ರ ಅಳಿಸಿಹಾಕುವುದು ಸರಿಯಾಗಿ ಅದನ್ನೇ! ಹಾಗಾದರೆ ಹಾಡಿನಿಂದ ದುಃಖವೂ ಅಳಿಸಿಹೋಗಬೇಕಿತ್ತಲ್ಲ? ಹೋಗಲಿಲ್ಲ. ನನ್ನ ವೃತ್ತಿಯಲ್ಲಿ ಕ್ಯಾಮೆರಾದ ಮುಂದೆ ಕಣ್ಣೀರಿಟ್ಟವರನ್ನು ಬಹಳ ಕಂಡಿದ್ದೇನೆ. ಸಂಕಲನದ ಕೋಣೆಯಲ್ಲಿ ಕುಳಿತಾಗ ಗೊತ್ತಾಗುವುದು ಬೇರೆಯೇ. ನೋಡುವವರ ಎದೆಗೆ ನಾಟುವುದು ಅಳುವ ಗಳಿಗೆಗಿಂತ ಹೆಚ್ಚಾಗಿ, ಅಳಬಾರದೆಂದು ತಡೆದುಕೊಂಡು, ಒಣಗಿದ ಸಮದನಿಯಲ್ಲಿ “ಅಂದು ಬೆಳಗ್ಗೆ ಕಾಫಿ ಕುಡಿದು ಹೋದರು” ಎಂದು ಹೇಳುವ ಗಳಿಗೆ. ಆ ಸಮದನಿಯನ್ನು ವೆಸ್ಟ್ ಯಂತ್ರದಿಂದ ಕಡ ತಂದ. ನಡುಗಬೇಕಾದ ಜಾಗದಲ್ಲಿ ನಡುಗದ ದನಿ ಕೇಳಿದಾಗ, ನಡುಕವನ್ನು ನಾವೇ ತುಂಬಿಕೊಳ್ಳುತ್ತೇವೆ.

‘ಕೋಲ್ಡೆಸ್ಟ್ ವಿಂಟರ್’ ಹಾಡನ್ನು ಕೇಳಿ. ಆಲ್ಬಮ್‌ನಲ್ಲಿ ತಾಯಿಗೆ ನೇರವಾಗಿ ಮೀಸಲಾದದ್ದು ಇದೊಂದೇ ಎನ್ನಬಹುದು. ಟಿಯರ್ಸ್ ಫಾರ್ ಫಿಯರ್ಸ್ ಎಂಬ ಬ್ರಿಟಿಷ್ ತಂಡದ 1983ರ ಹಾಡೊಂದರ ಮಟ್ಟಿನ ಮೇಲೆ ಕಟ್ಟಿದ್ದು. ಮಾತು ಬಹಳ ಕಡಿಮೆ. ವಿದಾಯ ಹೇಳುವುದು, ಮತ್ತೆ ಎಂದಾದರೂ ಪ್ರೀತಿಸಬಲ್ಲೆನೇ ಎಂದು ಕೇಳಿಕೊಳ್ಳುವುದು, ಅಷ್ಟೇ. ಮಾತಿನ ಮಲ್ಲನೆಂದು ಹೆಸರಾದವನಿಗೆ ಮಾತು ತೀರಿಹೋಗಿದೆ. ‘ವೆಲ್‌ಕಮ್ ಟು ಹಾರ್ಟ್‌ಬ್ರೇಕ್’ ಹಾಡಿನಲ್ಲಿ ಗೆಳೆಯರ ಮಕ್ಕಳು ಮರಿಗಳ ಸುದ್ದಿ ಕೇಳುತ್ತಾ, ಹಣವಿದ್ದೂ ಸಂಸಾರವಿಲ್ಲದ ತನ್ನ ಸ್ಥಿತಿಯನ್ನು ನೋಡಿಕೊಳ್ಳುತ್ತಾನೆ. ‘ಲವ್ ಲಾಕ್‌ಡೌನ್’ ಹಾಡನ್ನು ಅಭಿಮಾನಿಗಳು ಮೊದಲು ಕೇಳಿದಾಗ ಹಾಡುಗಾರಿಕೆ ಚೆನ್ನಾಗಿಲ್ಲ ಎಂದು ದೂರಿದರು. ಆತ ಮತ್ತೆ ಹಾಡಿ, ಜಪಾನಿನ ದೊಡ್ಡ ತೈಕೊ ನಗಾರಿಗಳನ್ನು ಸೇರಿಸಿದ. ಹೆಡ್‌ಫೋನಿನಲ್ಲಿ ಕೇಳಿದರೆ ಒಳ್ಳೆಯದು. 808ರ ಐವತ್ತು ಹರ್ಟ್ಸ್‌ನ ನಾದವನ್ನು ಮೊಬೈಲಿನ ಪುಟ್ಟ ಸ್ಪೀಕರ್ ಹೊರಡಿಸಲಾರದು. ಎದೆಬಡಿತವನ್ನೇ ಬಿಟ್ಟು ಹಾಡು ಕೇಳಿದಂತಾಗುತ್ತದೆ.

ಎಲ್ಲ ಹಾಡುಗಳೂ ಒಂದೇ ತೂಕದವೆಂದು ನಾನು ಹೇಳಲಾರೆ. ಬಿಟ್ಟುಹೋದ ಹುಡುಗಿಯನ್ನು ಕುರಿತ ಹಾಡುಗಳಲ್ಲಿ ದೂರು ಹೆಚ್ಚು, ಆತ್ಮಪರೀಕ್ಷೆ ಕಡಿಮೆ. ‘ರೋಬೋಕಾಪ್’ ಎಂಬುದರಲ್ಲಿ ಆಕೆಯ ಮೇಲಿನ ಕುಹಕ ಸಣ್ಣತನವೆನಿಸುತ್ತದೆ. ತಾಯಿಯನ್ನು ಕಳೆದುಕೊಂಡ ಸಿಟ್ಟನ್ನು ಈಕೆಯ ಮೇಲೆ ತೀರಿಸಿಕೊಳ್ಳುತ್ತಿದ್ದಾನೋ ಎಂಬ ಅನುಮಾನ ನನ್ನದು. ಮನೆಯಲ್ಲಿ ಸಾವಾದಾಗ ಯಾರ ಮೇಲೋ ರೇಗುವವರನ್ನು ನೀವೂ ಕಂಡಿರಬಹುದು. ಆಗಿನ ವಿಮರ್ಶಕರಲ್ಲೂ ಒಮ್ಮತವಿರಲಿಲ್ಲ. ಮೊದಲ ವಾರದಲ್ಲೇ ಸುಮಾರು ನಾಲ್ಕೂವರೆ ಲಕ್ಷ ಪ್ರತಿಗಳು ಮಾರಾಟವಾಗಿ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೊದಲನೆಯದಾದರೂ, ಇದು ರ್‍ಯಾಪ್ ಅಲ್ಲ, ಹಾಡೂ ಅಲ್ಲ ಎಂದವರು ಅನೇಕರು. ಕಾಲ ಬೇರೆ ತೀರ್ಪು ಕೊಟ್ಟಿತು. ಇದರಲ್ಲಿ ಜೊತೆಗಿದ್ದ ಕಿಡ್ ಕಡಿ, ಆಮೇಲೆ ಬಂದ ಡ್ರೇಕ್ ಮೊದಲಾದವರು ಅರ್ಧ ಹಾಡಿ ಅರ್ಧ ಮಾತಾಡಿ ತಮ್ಮ ಒಂಟಿತನವನ್ನು ಹೇಳಿಕೊಳ್ಳುವ ದಾರಿ ಹಿಡಿದರು. 2014ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ, ಹೊಸ ಹಾದಿ ತೆರೆದ ನಲವತ್ತು ಆಲ್ಬಮ್‌ಗಳಲ್ಲಿ ಇದನ್ನು ಸೇರಿಸಿತು. ಇಂದು ನೀವು ಕೇಳುವ ಎಷ್ಟೋ ಹಾಡುಗಳ ಮೆಟ್ಟಿಲು ಮೆಟ್ಟಿಲಾದ ದನಿ ಈ ಮಾರ್ಗವಾಗಿ ಬಂದದ್ದು.

ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. 2021ರಲ್ಲಿ ‘ಯೇ’ ಎಂದು ಹೆಸರು ಬದಲಿಸಿಕೊಂಡ ಈ ಮನುಷ್ಯ 2022ರಲ್ಲಿ ಯಹೂದಿಗಳ ವಿರುದ್ಧ ದ್ವೇಷದ ಮಾತುಗಳನ್ನಾಡಿದ. ದೊಡ್ಡ ಕಂಪನಿಗಳು ಒಪ್ಪಂದ ಕಡಿದುಕೊಂಡವು. ತನಗೆ ಮನೋರೋಗವಿರುವುದನ್ನು ಆತ 2018ರಲ್ಲೇ ಹೇಳಿಕೊಂಡಿದ್ದ. ಅದು ಸಹಾನುಭೂತಿಗೆ ಕಾರಣವಾದೀತು; ಆ ಮಾತುಗಳಿಗೆ ಸಮರ್ಥನೆಯಾಗದು. ಅಂಥ ಕಾಯಿಲೆಯಿರುವ ಲಕ್ಷಾಂತರ ಜನ ಯಾರನ್ನೂ ದ್ವೇಷಿಸದೆ ಬದುಕುತ್ತಿದ್ದಾರೆ. 2008ರ ಹಾಡುಗಳಲ್ಲಿ ನಾವು ಕೇಳುವುದು ತಾಯಿ ಸತ್ತ ಒಬ್ಬ ಮಗನನ್ನು. ಆ ಮಗ ಮುಂದೆ ಏನಾದ ಎಂಬುದನ್ನು ತಿಳಿದುಕೊಂಡೇ ಕೇಳೋಣ. 2021ರ ಆಗಸ್ಟ್‌ನಲ್ಲಿ ಬಂದ ಆತನ ಮತ್ತೊಂದು ಆಲ್ಬಮ್‌ನ ಹೆಸರು ‘ಡೊಂಡಾ’. ಹದಿನಾಲ್ಕು ವರ್ಷವಾದರೂ ಆ ಲೆಕ್ಕ ಮುಗಿದಿರಲಿಲ್ಲ.

ಕೇಳುವ ಮನಸ್ಸಾದರೆ ಮೊದಲ ಹಾಡು ‘ಸೇ ಯೂ ವಿಲ್’ನಿಂದಲೇ ಆರಂಭಿಸಿ. ಆರು ನಿಮಿಷಕ್ಕೂ ಮೀರಿದ ಹಾಡಿನಲ್ಲಿ ಸುಮಾರು ಅರ್ಧದಷ್ಟು ಹೊತ್ತಿಗೆ ಹಾಡುಗಾರ ನಿಂತುಬಿಡುತ್ತಾನೆ. ಆಮೇಲಿನ ಮೂರು ನಿಮಿಷ 808ರ ಪೆಟ್ಟು, ದೂರದಲ್ಲಿ ಪದಗಳಿಲ್ಲದ ಮೇಳದ ದನಿ. ಇನ್ನೇನು ಬಂದಾನು, ಹಾಡಿಯಾನು ಎಂದು ಕಾಯುತ್ತೀರಿ. ಬರುವುದಿಲ್ಲ. ಕೊನೆಯ ಹಾಡು ‘ಪಿನೋಕಿಯೋ ಸ್ಟೋರಿ’ ಸ್ಟುಡಿಯೋದಲ್ಲಿ ಮಾಡಿದ್ದೇ ಅಲ್ಲ. ಸಿಂಗಪುರದ ವೇದಿಕೆಯೊಂದರಲ್ಲಿ, ಮೊದಲೇ ಬರೆದುಕೊಳ್ಳದೆ, ಹೊಳೆದಂತೆ ಹಾಡಿದ್ದು. ಯಂತ್ರದ ತಿದ್ದುಪಡಿ ಅಲ್ಲಿಯೂ ಇದೆ. ಆದರೆ ಮಾತುಗಳು ತಡವರಿಸುತ್ತವೆ, ಅದನ್ನು ತಿದ್ದುವ ತಂತ್ರಾಂಶ ಅದರಲ್ಲಿಲ್ಲ. ಮರದ ಬೊಂಬೆಯೊಂದು ನಿಜವಾದ ಹುಡುಗನಾಗಲು ಬಯಸಿದ ಇಟಲಿಯ ಕಥೆ ನಿಮಗೆ ಗೊತ್ತಲ್ಲ, ಅದನ್ನೇ ಹಿಡಿದು ಆತ ತನ್ನ ಬಗ್ಗೆ ಹೇಳಿಕೊಳ್ಳುತ್ತಾನೆ. ಹಿಂದೆ ಸಾವಿರಾರು ಜನ ಕೂಗುತ್ತಿದ್ದಾರೆ. ಸಂತೋಷದಿಂದ.